ಐಇಎಲ್‌ಟಿಎಸ್ ಲಿಸನಿಂಗ್: ಟೆಸ್ಟ್ ಮುಗಿದ ಮೇಲೆ ಶುರುವಾಗುವ ತಯಾರಿ

ವಿದೇಶದಲ್ಲಿ ಓದಲು ಅಥವಾ ಕೆಲಸಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಬರೆಯುವವರಲ್ಲಿ ಹೆಚ್ಚಿನವರು ರೈಟಿಂಗ್ ಮತ್ತು ಸ್ಪೀಕಿಂಗ್ ವಿಭಾಗಗಳಿಗೆ ಹೆದರುತ್ತಾರೆಯೇ ಹೊರತು ಲಿಸನಿಂಗ್‌ಗೆ ಅಲ್ಲ. ಇಂಗ್ಲಿಷ್ ಸಿನಿಮಾ ನೋಡುತ್ತೇವೆ, ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಕಿವಿಗೆ ಬೀಳುತ್ತದೆ, ಇನ್ನು ಕೇಳಿ ಬರೆಯುವುದರಲ್ಲಿ ಕಷ್ಟವೇನು ಎಂಬುದು ಅವರ ಲೆಕ್ಕಾಚಾರ. ಕೊನೆಯ ಕೆಲವು ವಾರಗಳಲ್ಲಿ ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುತ್ತಾರೆ, ಉತ್ತರ ಸರಿನೋಡಿ ಅಂಕ ಎಣಿಸುತ್ತಾರೆ, ಮರುದಿನ ಇನ್ನೊಂದು ಟೆಸ್ಟ್ ತೆರೆಯುತ್ತಾರೆ. ಮೊದಲ ದಿನ 40ಕ್ಕೆ 26 ಬಂದಿದ್ದ ಅಂಕ ತಿಂಗಳ ಕೊನೆಗೂ 26 ಅಥವಾ 27ರಲ್ಲೇ ನಿಂತಿರುತ್ತದೆ. ಜ್ವರ ಅಳೆದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ. ಮಾಕ್ ಟೆಸ್ಟ್ ಅಳೆಯುವ ಸಾಧನ ಮಾತ್ರ. ಕಲಿಕೆ ನಡೆಯುವುದು ಟೆಸ್ಟ್ ಮುಗಿದ ಮೇಲೆ, ಪ್ರತಿಯೊಂದು ತಪ್ಪಿನ ಬಳಿ ಕುಳಿತಾಗ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಗುರಿಯನ್ನು ಅಂಕಗಳಲ್ಲಿ ಬರೆದುಕೊಳ್ಳಿ

ಪರೀಕ್ಷೆಯ ಎರಡು ರೂಪಗಳಾದ ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್ ಎರಡಕ್ಕೂ ಲಿಸನಿಂಗ್ ಪತ್ರಿಕೆ ಒಂದೇ. ನಾಲ್ಕು ಭಾಗ, ಪ್ರತಿ ಭಾಗಕ್ಕೆ 10ರಂತೆ 40 ಪ್ರಶ್ನೆ, ಸುಮಾರು 30 ನಿಮಿಷದ ಆಡಿಯೊ. ಅದನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಸಾಮಾನ್ಯವಾಗಿ 23 ಸರಿಯಾದರೆ ಬ್ಯಾಂಡ್ (ಫಲಿತಾಂಶದಲ್ಲಿ ಕೊಡುವ ಶ್ರೇಣಿ) 6, 30 ಸರಿಯಾದರೆ 7, 35 ಸರಿಯಾದರೆ 8. ಬ್ರಿಟನ್ನಿಗೆ ಹೋಗಬಯಸುವ ನರ್ಸ್‌ಗಳಿಗೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ರೈಟಿಂಗ್‌ನಲ್ಲಿ 6.5 ಬಂದರೂ ಒಪ್ಪುತ್ತದೆ, ಆದರೆ ಲಿಸನಿಂಗ್‌ನಲ್ಲಿ 7 ಬೇಕೇ ಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಗೆ ಸಿಎಲ್‌ಬಿ (ಆ ದೇಶದ ಭಾಷಾ ಮಟ್ಟದ ಅಳತೆ) 9 ಪಡೆಯಲು ಉಳಿದ ಮೂರು ವಿಭಾಗಗಳಲ್ಲಿ 7 ಸಾಕು, ಲಿಸನಿಂಗ್‌ನಲ್ಲಿ ಮಾತ್ರ 8 ಇರಬೇಕು. ಅಂದರೆ ಅಂಥ ಅಭ್ಯರ್ಥಿ ಇಡೀ ಪತ್ರಿಕೆಯಲ್ಲಿ ತಪ್ಪಬಹುದಾದ ಪ್ರಶ್ನೆಗಳು ಹೆಚ್ಚೆಂದರೆ ಐದು. ಈ ಸಂಖ್ಯೆ ಕಣ್ಣೆದುರಿಗೆ ಇದ್ದರೆ, ಒಂದು ಅಕ್ಷರ ತಪ್ಪಿ ಹೋದ ಅಂಕವನ್ನು ಯಾರೂ ಹಗುರವಾಗಿ ಕಾಣುವುದಿಲ್ಲ.

ಎರಡನೆಯ ಹಂತ: ಸಾಮಗ್ರಿಯನ್ನು ಆರಿಸಿಕೊಳ್ಳಿ

ಪರೀಕ್ಷೆ ನಡೆಸುವ ಸಂಸ್ಥೆಗಳಾದ ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಹೊರತಂದಿರುವ ಪತ್ರಿಕೆಗಳನ್ನು ಮಾತ್ರ ಬಳಸಿ, ಮತ್ತು ಆಡಿಯೊ ಜೊತೆಗೆ ಅದರ ಟ್ರಾನ್ಸ್‌ಕ್ರಿಪ್ಟ್, ಅಂದರೆ ಮಾತಿನ ಲಿಖಿತ ರೂಪ, ಇದೆಯೇ ಎಂದು ನೋಡಿಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್ ಇಲ್ಲದ ಟೆಸ್ಟ್ ಅಭ್ಯಾಸಕ್ಕೆ ಉಪಯೋಗವಿಲ್ಲ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎಷ್ಟೋ ಟೆಸ್ಟ್‌ಗಳನ್ನು ಕಂಪ್ಯೂಟರ್ ಧ್ವನಿಯಲ್ಲಿ ಓದಿಸಿರುತ್ತಾರೆ. ಆ ಧ್ವನಿ ಪ್ರತಿಯೊಂದು ಪದವನ್ನೂ ಬಿಡಿಸಿ ಉಚ್ಚರಿಸುವುದರಿಂದ, ಮನುಷ್ಯರು ಪದಗಳನ್ನು ನುಂಗಿ, ಕೂಡಿಸಿ ಮಾತನಾಡುವ ಪರಿಯನ್ನು ಅದು ಕಲಿಸುವುದೇ ಇಲ್ಲ. 'ಈ ವಾರ ಖಂಡಿತ ಬರುವ ಪ್ರಶ್ನೆಗಳು' ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾರುವ ಪಿಡಿಎಫ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೊರಗಿನ ಶಬ್ದವನ್ನು ತಡೆಯುವ ದುಬಾರಿ ಹೆಡ್‌ಫೋನ್ ಕೂಡ ಅಭ್ಯಾಸಕ್ಕೆ ಬೇಡ ಎಂಬುದು ನನ್ನ ಖಚಿತ ಸಲಹೆ. ಪರೀಕ್ಷಾ ಕೇಂದ್ರದಲ್ಲಿ ಕೊಡುವ ಸಾಧನ ನಿಮ್ಮ ಆಯ್ಕೆಯದಲ್ಲ, ಪಕ್ಕದವರ ಕೆಮ್ಮೂ ಕುರ್ಚಿ ಎಳೆಯುವ ಸದ್ದೂ ಅಲ್ಲಿ ಇದ್ದೇ ಇರುತ್ತದೆ. ಮನೆಯಲ್ಲಿ ಫ್ಯಾನ್ ತಿರುಗುತ್ತಿರಲಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಲಿ, ಅದರ ನಡುವೆಯೇ ಕೇಳಿ.

ಮೂರನೆಯ ಹಂತ: ಒಂದು ಟೆಸ್ಟ್ ಬರೆಯಿರಿ

ಮಧ್ಯೆ ನಿಲ್ಲಿಸದೆ, ಹಿಂದಕ್ಕೆ ಓಡಿಸದೆ, ಒಂದೇ ಸಲಕ್ಕೆ ಪೂರ್ತಿ ಬರೆಯಿರಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ನಾಲ್ಕನೆಯ ಹಂತ: ತಪ್ಪುಗಳ ಮುಂದೆ ಕುಳಿತುಕೊಳ್ಳಿ

ಬಹುತೇಕರು ಬಿಟ್ಟುಬಿಡುವ, ಅಂಕ ಹೆಚ್ಚಿಸುವ ಶಕ್ತಿ ಇರುವ ಹಂತ ಇದೇ. ಟೆಸ್ಟ್‌ಗೆ ಅರ್ಧ ಗಂಟೆ ಕೊಟ್ಟರೆ ಇದಕ್ಕೆ ಎರಡು ಗಂಟೆ ಕೊಡಬೇಕು. ಉತ್ತರಗಳನ್ನು ಸರಿನೋಡುವಾಗ ತಪ್ಪಿದ ಪ್ರಶ್ನೆಯ ಸಂಖ್ಯೆಗೆ ಮಾತ್ರ ಗುರುತು ಹಾಕಿ, ಸರಿಯುತ್ತರವನ್ನು ಪಕ್ಕದಲ್ಲಿ ಬರೆಯಬೇಡಿ. ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಯೇ ಇರಲಿ. ಆ ಪ್ರಶ್ನೆಗೆ ಸಂಬಂಧಿಸಿದ ಅರ್ಧ ನಿಮಿಷದ ಆಡಿಯೊವನ್ನು ಮತ್ತೆ ಕೇಳಿ, ಕಿವಿಗೆ ಬಿದ್ದದ್ದನ್ನು ಪದ ಪದವಾಗಿ ಬರೆದುಕೊಳ್ಳಿ. ಕೇಳಿಸದ ಕಡೆ ಒಂದು ಗೆರೆ ಎಳೆದು ಮುಂದೆ ಹೋಗಿ. ಮೂರು ಸಲ ಕೇಳಿದ ಮೇಲೂ ಗೆರೆ ಉಳಿದರೆ ಆಗ ಟ್ರಾನ್ಸ್‌ಕ್ರಿಪ್ಟ್ ತೆರೆದು ನೀವು ಬರೆದದ್ದರ ಜೊತೆ ಹೋಲಿಸಿ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ತಪ್ಪಿನ ಕಾರಣವಿದೆ, ಮತ್ತು ಕಾರಣ ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಫಾರ್ಮ್ ತುಂಬುವ ಪ್ರಶ್ನೆಯಲ್ಲಿ ಸಭೆಯ ದಿನ ಯಾವುದು ಎಂದು ಕೇಳಿದೆ ಎಂದುಕೊಳ್ಳಿ. ಆಡಿಯೊದಲ್ಲಿ ಮಹಿಳೆ ಹೇಳುವುದು ಹೀಗೆ: 'ವಿ ವರ್ ಗೋಯಿಂಗ್ ಟು ಮೀಟ್ ಆನ್ ಟ್ಯೂಸ್‌ಡೇ, ಬಟ್ ದ ಹಾಲ್ಸ್ ಬೀಯಿಂಗ್ ಪೇಂಟೆಡ್, ಸೋ ವೀವ್ ಪುಟ್ ಇಟ್ ಬ್ಯಾಕ್ ಟು ಥರ್ಸ್‌ಡೇ.' ಒಬ್ಬ ಅಭ್ಯರ್ಥಿ ಟ್ಯೂಸ್‌ಡೇ ಎಂದು ಕೇಳಿದ ತಕ್ಷಣ ಬರೆದು ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸಿದ. ಅವನ ಕಿವಿಯಲ್ಲಿ ದೋಷವಿಲ್ಲ, ಅವಸರ ಮಾಡಿದ್ದಾನೆ. ಇನ್ನೊಬ್ಬಳು ಎರಡೂ ದಿನಗಳನ್ನು ಕೇಳಿಸಿಕೊಂಡಳು, ಆದರೆ 'ಪುಟ್ ಬ್ಯಾಕ್' ಎಂದರೆ ಮುಂದೂಡುವುದು ಎಂದು ತಿಳಿಯದೆ, ಸಭೆ ಮೊದಲಿನ ದಿನಕ್ಕೇ ಮರಳಿತು ಎಂದುಕೊಂಡು ಟ್ಯೂಸ್‌ಡೇ ಎಂದೇ ಬರೆದಳು. ಮೂರನೆಯವನಿಗೆ 'ವೀವ್ ಪುಟ್ ಇಟ್ ಬ್ಯಾಕ್ ಟು' ಎಂಬುದು ಒಂದೇ ಉಸಿರಿನ ಗೊಣಗಾಟವಾಗಿ ಕೇಳಿಸಿತು. ನಾಲ್ಕನೆಯವಳು ಎಲ್ಲವನ್ನೂ ಸರಿಯಾಗಿ ಕೇಳಿ, ಥರ್ಸ್‌ಡೇ ಪದದ ಅಕ್ಷರಗಳಲ್ಲಿ ಆರ್ ಬಿಟ್ಟಳು. ನಾಲ್ವರಿಗೂ ಹೋದದ್ದು ಒಂದೇ ಅಂಕ. ಆದರೆ ಇನ್ನೊಂದು ಮಾಕ್ ಟೆಸ್ಟ್ ಬರೆದು ಈ ನಾಲ್ಕರಲ್ಲಿ ಯಾವ ದೋಷವನ್ನೂ ಸರಿಪಡಿಸಲು ಆಗುವುದಿಲ್ಲ.

ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ತಪ್ಪಿನ ಮುಂದೆ ಕಾರಣವನ್ನು ಬರೆಯಿರಿ: ಶಬ್ದ ಹಿಡಿಯಲಾಗಲಿಲ್ಲ, ಅರ್ಥವಾಗಲಿಲ್ಲ, ಮೊದಲು ಬಂದ ಉತ್ತರಕ್ಕೆ ಬಲಿಯಾದೆ, ಬರೆಯುವಾಗ ತಪ್ಪಿತು, ಅಥವಾ ಆಡಿಯೊ ಎಲ್ಲಿದೆ ಎಂಬುದೇ ತಪ್ಪಿಹೋಯಿತು. ನಾಲ್ಕು ಟೆಸ್ಟ್‌ಗಳಾಗುವಷ್ಟರಲ್ಲಿ ಯಾವ ಕಾರಣ ಮತ್ತೆ ಮತ್ತೆ ಬರುತ್ತಿದೆ ಎಂಬುದು ನಿಮಗೇ ಕಾಣುತ್ತದೆ.

ಶಬ್ದ ಹಿಡಿಯಲಾಗದವರು ಆ ಅರ್ಧ ನಿಮಿಷವನ್ನು ಟ್ರಾನ್ಸ್‌ಕ್ರಿಪ್ಟ್ ನೋಡುತ್ತ ಕೇಳಬೇಕು, ಅನಂತರ ನೋಡದೆ ಕೇಳಬೇಕು, ಕೊನೆಗೆ ಆಡಿಯೊದ ಬೆನ್ನಿಗೇ ಅದೇ ವೇಗದಲ್ಲಿ ಗಟ್ಟಿಯಾಗಿ ಹೇಳಬೇಕು. ಬಾಯಿಗೆ ಬಂದ ಶಬ್ದ ಕಿವಿಗೆ ತಪ್ಪುವುದು ಕಡಿಮೆ. ಕನ್ನಡ ಮಾತನಾಡುವ ನಮಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷಿನಿಂದ ತಂದ ಪದಗಳಿಗೂ ಬಸ್ಸು, ಕಾರು, ಬುಕ್ಕು ಎಂದು ಬಾಲ ಸೇರಿಸಿಕೊಂಡಿದ್ದೇವೆ. ಇಂಗ್ಲಿಷಿನವರು ಪದದ ಕೊನೆಯ ಟಿ, ಡಿ ಧ್ವನಿಗಳನ್ನು ಅರ್ಧ ನುಂಗಿ ಮುಂದಿನ ಪದಕ್ಕೆ ಹೋಗುವುದರಿಂದ 'ನೆಕ್ಸ್ಟ್ ಡೇ' ಎಂಬುದು 'ನೆಕ್ಸ್‌ಡೇ' ಎಂದು ಕೇಳಿಸುತ್ತದೆ, ಬಹುವಚನದ ಎಸ್ ಬಂದು ಹೋದದ್ದೇ ತಿಳಿಯುವುದಿಲ್ಲ. 'ಟಿಕೆಟ್ಸ್' ಎಂಬ ಉತ್ತರಕ್ಕೆ 'ಟಿಕೆಟ್' ಎಂದು ಬರೆದರೆ ಅಂಕ ಹೋಯಿತು. ಆದ್ದರಿಂದ ಖಾಲಿ ಜಾಗದ ಮುಂಚೆ 'ಎ' ಅಥವಾ 'ಆ್ಯನ್' ಇದೆಯೇ, ಕ್ರಿಯಾಪದ 'ಈಸ್' ಇದೆಯೋ 'ಆರ್' ಇದೆಯೋ ಎಂದು ಆಡಿಯೊ ಶುರುವಾಗುವ ಮೊದಲೇ ನೋಡಿಕೊಳ್ಳಬೇಕು. ಕಿವಿ ಬಿಟ್ಟದ್ದನ್ನು ಎಷ್ಟೋ ಸಲ ವ್ಯಾಕರಣ ಹಿಡಿದುಕೊಡುತ್ತದೆ.

ಅಕ್ಷರ ಮತ್ತು ಅಂಕಿಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು, ಏಕೆಂದರೆ ಮೊದಲ ಭಾಗದಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಬರೆಯಬೇಕಾದ ಸಂದರ್ಭ ಬರುತ್ತಲೇ ಇರುತ್ತದೆ. ನಾವು 'ಹೆಚ್' ಎನ್ನುವ ಅಕ್ಷರವನ್ನು ಅವರು 'ಏಚ್' ಎನ್ನುತ್ತಾರೆ. ಅಕ್ಷರವೂ ಅಂಕಿಯೂ ಬೆರೆತ ಬ್ರಿಟನ್ನಿನ ಪೋಸ್ಟ್‌ಕೋಡ್ ಹೇಳುವಾಗ ಆ 'ಏಚ್' ಅನ್ನು 'ಏಟ್' ಎಂದು ಕೇಳಿಸಿಕೊಂಡು 8 ಬರೆದವರನ್ನು ನೋಡಿದ್ದೇನೆ. ಆಸ್ಟ್ರೇಲಿಯದವರ 'ಏ' ನಮ್ಮ ಕಿವಿಗೆ 'ಐ' ಹತ್ತಿರ ಕೇಳಿಸುತ್ತದೆ. ಸೊನ್ನೆಯನ್ನು 'ಓ' ಎಂದೂ, ಒಂದೇ ಅಂಕಿ ಎರಡು ಸಲ ಬಂದರೆ 'ಡಬಲ್' ಎಂದೂ ಹೇಳುತ್ತಾರೆ. 'ಥರ್ಟೀನ್' ಮತ್ತು 'ಥರ್ಟಿ' ನಡುವಿನ ವ್ಯತ್ಯಾಸವನ್ನು ಪದದ ಕೊನೆಯ ಭಾಗಕ್ಕೆ ಒತ್ತು ಬಿದ್ದಿದೆಯೇ ಎಂಬುದರಿಂದ ತಿಳಿಯಬೇಕು. ಮನೆಯಲ್ಲಿ ಯಾರಾದರೊಬ್ಬರು ಹತ್ತು ಹೆಸರು, ಹತ್ತು ಫೋನ್ ಸಂಖ್ಯೆ ಹೇಳಿ ನೀವು ಬರೆದುಕೊಂಡರೆ ಉಚ್ಚಾರಣೆ ಕಲಿಯಲಾಗದಿದ್ದರೂ ಬರೆಯುವ ವೇಗ ಬರುತ್ತದೆ.

ಅರ್ಥವಾಗದೆ ತಪ್ಪುವವರ ಸಮಸ್ಯೆ ಬೇರೆ. ಪ್ರಶ್ನೆಯಲ್ಲಿರುವ ಪದವನ್ನೇ ಆಡಿಯೊದಲ್ಲಿ ಹುಡುಕುವುದು ಅವರ ಅಭ್ಯಾಸ. ಪತ್ರಿಕೆ ರಚಿಸುವವರು ಉದ್ದೇಶಪೂರ್ವಕವಾಗಿಯೇ ಮಾತನ್ನು ಬದಲಿಸಿರುತ್ತಾರೆ: ಪ್ರಶ್ನೆಯಲ್ಲಿ 'ಚೀಪ್' ಎಂದಿದ್ದರೆ ಮಾತನಾಡುವವನು 'ಇಟ್ ಡಸಂಟ್ ಕಾಸ್ಟ್ ಮಚ್' ಎನ್ನುತ್ತಾನೆ. ಮೂರನೆಯ ಭಾಗದ ಬಹು ಆಯ್ಕೆಯ ಪ್ರಶ್ನೆಗಳಲ್ಲಂತೂ ಪ್ರಶ್ನೆಪತ್ರಿಕೆಯ ಪದ ಹಾಗೆಯೇ ಆಡಿಯೊದಲ್ಲಿ ಕೇಳಿಬಂದರೆ ಆ ಆಯ್ಕೆಯನ್ನು ಸಂಶಯದಿಂದ ನೋಡುವುದೇ ಒಳ್ಳೆಯದು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉತ್ತರವಿರುವ ವಾಕ್ಯಕ್ಕೆ ಗೆರೆ ಎಳೆದು, ಪ್ರಶ್ನೆಯ ಮಾತು ಒಂದು ಕಡೆ, ಆಡಿಯೊದ ಮಾತು ಇನ್ನೊಂದು ಕಡೆ ಬರುವಂತೆ ಜೋಡಿ ಜೋಡಿಯಾಗಿ ಬರೆದುಕೊಳ್ಳಿ. ಮಾರುಕಟ್ಟೆಯಲ್ಲಿ ಸಿಗುವ ಸಾವಿರ ಪದಗಳ ಪಟ್ಟಿಗಿಂತ ನೀವೇ ತಪ್ಪಿ ಕಲಿತ ಜೋಡಿಗಳು ಹೆಚ್ಚು ಕಾಲ ಉಳಿಯುತ್ತವೆ.

ಮೊದಲ ಉತ್ತರಕ್ಕೆ ಬಲಿಯಾಗುವವರು 'ಬಟ್', 'ಆಕ್ಚುಲಿ', 'ಹೌಎವರ್', 'ಸಾರಿ', 'ಓ ನೋ' ಎಂಬ ಪದಗಳು ಬಂದಾಗ ಪೆನ್ಸಿಲ್ ತಡೆಯುವುದನ್ನು ರೂಢಿಸಿಕೊಳ್ಳಬೇಕು. ಮಾತು ಮುಂದಿನ ಪ್ರಶ್ನೆಯ ವಿಷಯಕ್ಕೆ ಹೊರಳುವವರೆಗೆ ಉತ್ತರ ಖಚಿತವಲ್ಲ.

ಆಡಿಯೊ ಎಲ್ಲಿದೆ ಎಂದು ತಪ್ಪಿಸಿಕೊಳ್ಳುವವರಿಗೆ ನಾಲ್ಕನೆಯ ಭಾಗ ಕಠಿಣ, ಏಕೆಂದರೆ ಅದು ಒಬ್ಬರೇ ಕೊಡುವ ಉಪನ್ಯಾಸ ಮತ್ತು ನಡುವೆ ವಿರಾಮವಿಲ್ಲ. ಪ್ರಶ್ನೆಗಳು ಆಡಿಯೊ ಸಾಗುವ ಕ್ರಮದಲ್ಲೇ ಇರುತ್ತವೆ ಎಂಬುದನ್ನು ನೆನಪಿಡಿ. ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಬೇಕು: ಈಗಿನದು ಮತ್ತು ಅದರ ಮುಂದಿನದು. ಮುಂದಿನದರ ವಿಷಯ ಕೇಳಿಬಂದರೆ ಈಗಿನದು ಕೈಬಿಟ್ಟಿತೆಂದು ತಿಳಿದು ಅದನ್ನು ಅಲ್ಲಿಗೇ ಬಿಡಬೇಕು. ಒಂದು ಉತ್ತರ ಹೋಯಿತೆಂದು ಅದನ್ನೇ ನೆನೆಯುತ್ತ ಮುಂದಿನ ಮೂರನ್ನು ಕಳೆದುಕೊಳ್ಳುವುದನ್ನು ಎಷ್ಟೋ ಬುದ್ಧಿವಂತರಲ್ಲಿ ನೋಡಿದ್ದೇನೆ. ನಕ್ಷೆಯ ಪ್ರಶ್ನೆಯಲ್ಲಿ ಮಾತ್ರ, ನೀವು ನಿಂತಿರುವ ಜಾಗ ಯಾವುದು ಮತ್ತು ಉತ್ತರ ದಿಕ್ಕು ಯಾವ ಕಡೆ ಎಂಬುದಕ್ಕೆ ಮೊದಲು ಬೆರಳಿಟ್ಟು, ಮಾತು ಸಾಗಿದಂತೆ ಬೆರಳನ್ನೂ ಸಾಗಿಸಿ.

ಐದನೆಯ ಹಂತ: ಬರೆಯುವ ಶಿಸ್ತು

ಕಾಗುಣಿತ ತಪ್ಪಿದರೆ ಅಂಕವಿಲ್ಲ. ಬ್ರಿಟಿಷ್ ರೂಪವೂ ಅಮೆರಿಕನ್ ರೂಪವೂ ನಡೆಯುತ್ತವೆ, ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆದರೂ ಅಡ್ಡಿಯಿಲ್ಲ. 'ಅಕಾಮಡೇಷನ್' ಪದದಲ್ಲಿ ಸಿ ಎರಡು, ಎಂ ಎರಡು. 'ವೆಡ್ನೆಸ್‌ಡೇ'ಯಲ್ಲಿ ಕೇಳಿಸದ ಡಿ ಇದೆ. 'ಎನ್ವಿರಾನ್ಮೆಂಟ್'ನಲ್ಲಿ ಎಂ ಮುಂಚಿನ ಎನ್ ಬಿಡಬಾರದು. ಎರಡು ಪದಗಳನ್ನು ಮೀರಬಾರದು ಎಂದು ಸೂಚನೆ ಇದ್ದಲ್ಲಿ ಮೂರು ಪದ ಬರೆದರೆ, ಅದರೊಳಗೆ ಸರಿಯುತ್ತರವಿದ್ದರೂ ತಪ್ಪೇ. ಈ ಸೂಚನೆ ಒಂದೇ ಪತ್ರಿಕೆಯಲ್ಲಿ ಪ್ರಶ್ನೆಗುಚ್ಛದಿಂದ ಗುಚ್ಛಕ್ಕೆ ಬದಲಾಗಬಹುದಾದ್ದರಿಂದ ಪ್ರತಿ ಸಲವೂ ಓದಲೇಬೇಕು.

ಆರನೆಯ ಹಂತ: ದಿನನಿತ್ಯದ ಕೇಳ್ಮೆ

ಟೆಸ್ಟ್ ಇಲ್ಲದ ದಿನ ಅರ್ಧ ಗಂಟೆ ಬಿಬಿಸಿ, ಆಸ್ಟ್ರೇಲಿಯದ ಎಬಿಸಿ ಅಥವಾ ರೇಡಿಯೊ ನ್ಯೂಜಿಲೆಂಡ್ ಕಾರ್ಯಕ್ರಮಗಳನ್ನು ಕೇಳಿ. ಸುದ್ದಿಗಿಂತ ಸಂದರ್ಶನ ಒಳ್ಳೆಯದು, ಏಕೆಂದರೆ ಸುದ್ದಿ ಓದುವವರು ತಡವರಿಸುವುದಿಲ್ಲ, ತಮ್ಮ ಮಾತನ್ನು ತಿದ್ದಿಕೊಳ್ಳುವುದೂ ಇಲ್ಲ. ಸಬ್‌ಟೈಟಲ್ ಹಾಕಿಕೊಂಡು ಸರಣಿಗಳನ್ನು ನೋಡುವುದನ್ನು ಈ ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಕೆಲಸ ಮಾಡುತ್ತಿರುವುದು ಕಣ್ಣು.

ಪರೀಕ್ಷೆಯ ದಿನ

ಪ್ರಶ್ನೆ ಓದಲು ಕೊಡುವ ಸಮಯವನ್ನು ಪೂರ್ತಿ ಓದುವುದಕ್ಕೇ ಬಳಸಿ. ಕಾಗದದ ಮೇಲೆ ಬರೆಯುವವರಿಗೆ ಉತ್ತರ ಹಾಳೆಗೆ ಇಳಿಸಲು ಕೊನೆಯಲ್ಲಿ 10 ನಿಮಿಷ ಸಿಗುತ್ತದೆ. ಇಳಿಸುವಾಗ ಪ್ರತಿ ಐದು ಉತ್ತರಕ್ಕೊಮ್ಮೆ ಪ್ರಶ್ನೆಯ ಸಂಖ್ಯೆಯನ್ನು ಹೊಂದಿಸಿ ನೋಡಿ, ಇಲ್ಲದಿದ್ದರೆ ಒಂದು ಸಾಲು ಜಾರಿ ಅದರ ಕೆಳಗಿನದೆಲ್ಲ ತಪ್ಪುವ ಅಪಾಯವಿದೆ. ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಪರಿಶೀಲನೆಗೆ ಎರಡೇ ನಿಮಿಷ ಇರುವುದರಿಂದ ಅವರು ಮನೆಯಲ್ಲಿಯೂ ಕೇಳುತ್ತಲೇ ಟೈಪ್ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿರಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಆ ಕೊನೆಯ ನಿಮಿಷಗಳಲ್ಲಿ ಮೊದಲು ಖಾಲಿ ಬಿಟ್ಟ ಪ್ರಶ್ನೆಗಳಿಗೆ ವಾಕ್ಯಕ್ಕೆ ಹೊಂದುವ ಏನನ್ನಾದರೂ ತುಂಬಿ, ಅನಂತರ ಬಹುವಚನದ ಎಸ್, ಅದಾದ ಮೇಲೆ ಕಾಗುಣಿತ, ಈ ಕ್ರಮದಲ್ಲಿ ನೋಡುತ್ತ ಬನ್ನಿ.