ಬ್ರಿಟನ್ನಿನಲ್ಲಿ ಕುದುರೆ ಕೊಳ್ಳುವ ಮುಂಚೆ: ಎಲ್ಲಿ ಕಾನೂನು ಕಾಯುತ್ತೆ, ಎಲ್ಲಿ ಕಾಯಲ್ಲ

ಮಗಳನ್ನು ಶನಿವಾರದ ರೈಡಿಂಗ್ ಕ್ಲಾಸಿಗೆ ಸೇರಿಸಿದ್ದೀರಾ? ಹಾಗಾದರೆ ಒಂದಲ್ಲ ಒಂದು ದಿನ "ಅಪ್ಪಾ, ನಂಗೊಂದು ಪೋನಿ ಕೊಡ್ಸು" ಅನ್ನೋ ಮಾತು ಬಂದೇ ಬರುತ್ತೆ. ನಮ್ಮ ಕಡೆ ಕುದುರೆ ಅಂದರೆ ರೇಸ್ ಕೋರ್ಸು, ದಸರಾ, ಕುಣಿಗಲ್ ಸ್ಟಡ್ ಫಾರ್ಮು, ಅಷ್ಟೇ. ಇಲ್ಲಿ ನರ್ಸು, ಮೇಷ್ಟ್ರು ಕೂಡ ಕುದುರೆ ಸಾಕುತ್ತಾರೆ, ಅದಕ್ಕೇ ಅವರ ಸುತ್ತ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಕುದುರೆ ಸಾಮಾನಿನ ವ್ಯಾಪಾರಿಗಳ ಸಂಘ ಬೀಟಾ 2019ರಲ್ಲಿ ಒಂದು ಸಮೀಕ್ಷೆ ಮಾಡಿಸಿತ್ತು. ಆಗ ದೇಶದಲ್ಲಿ ಸುಮಾರು 8.47 ಲಕ್ಷ ಕುದುರೆಗಳಿದ್ದವು, ಜನ ವರ್ಷಕ್ಕೆ ಖರ್ಚು ಮಾಡುತ್ತಿದ್ದದ್ದು 470 ಕೋಟಿ ಪೌಂಡ್. ಅಂದರೆ ತಲಾ ಒಂದು ಕುದುರೆಗೆ 5,500 ಪೌಂಡ್ ಚಿಲ್ಲರೆ. ಆಮೇಲೆ ಬೆಲೆಗಳು ಎಲ್ಲಿಗೆ ಹೋಗಿವೆ ಅಂತ ನಿಮಗೇ ಗೊತ್ತಲ್ಲ.

ಈ ದುಡ್ಡು ಕೇಳುವವರಲ್ಲಿ ಕೆಲವರ ಮೇಲೆ ಬಿಗಿ ಕಾನೂನಿದೆ, ಕೆಲವರ ಮೇಲೆ ಏನೂ ಇಲ್ಲ. ಯಾರು ಯಾವ ಗುಂಪಿನವರು ಅಂತ ಮೊದಲೇ ತಿಳಿದಿದ್ದರೆ ಅರ್ಧ ಕಷ್ಟ ತಪ್ಪುತ್ತೆ.

ಮೊದಲು ಯಾರ ಹತ್ತಿರ ಕೊಳ್ಳುತ್ತಿದ್ದೀರಿ ನೋಡಿ. ಡೀಲರ್ ಹತ್ತಿರ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆ ನಿಮ್ಮ ಬೆನ್ನಿಗಿದೆ. ಕಾನೂನಿನ ಕಣ್ಣಲ್ಲಿ ಕುದುರೆಯೂ ಫ್ರಿಜ್ಜಿನ ಹಾಗೆ ಒಂದು ಸರಕು. ಕೊಂಡಾಗಲೇ ದೋಷ ಇತ್ತು ಅಂತಾದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಡೀಲರ್ ಅಲ್ಲದ ಖಾಸಗಿ ಮಾಲೀಕರಿಂದ ನೇರ ಕೊಂಡರೆ ಆ ಹಕ್ಕಿಲ್ಲ, ಅವರು ಹೇಳಿದ್ದು ಸುಳ್ಳು ಅಂತ ನೀವೇ ಸಾಬೀತು ಮಾಡಬೇಕು. ಹಾಗಾಗಿ ಜಾಹೀರಾತನ್ನು ಉಳಿಸಿಕೊಳ್ಳಿ. "ಮಕ್ಕಳಿಗೆ ಸಾಧು, ಟ್ರಾಫಿಕ್ಕಿಗೆ ಹೆದರಲ್ಲ" ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಖಾಸಗಿ ಮಾಲೀಕರ ವೇಷ ಹಾಕಿದ ಡೀಲರ್‌ಗಳೂ ಇದ್ದಾರೆ. ಒಂದೇ ಫೋನ್ ನಂಬರಿನಲ್ಲಿ ನಾಲ್ಕು ಕುದುರೆ ಮಾರಾಟಕ್ಕಿದ್ದರೆ ಅನುಮಾನ ಪಡಿ.

ಆಮೇಲೆ ವೆಟ್ಟಿಂಗ್, ಅಂದರೆ ಕೊಳ್ಳುವ ಮುಂಚೆ ಕುದುರೆ ಡಾಕ್ಟರ್ ಕೈಯಲ್ಲಿ ಮಾಡಿಸುವ ತಪಾಸಣೆ. ಎರಡು ಹಂತದ್ದೂ ಇದೆ, ಐದು ಹಂತದ್ದೂ ಇದೆ. ಎರಡು ಹಂತದ್ದರಲ್ಲಿ ನಿಲ್ಲಿಸಿ ನೋಡಿ, ನಡೆಸಿ ಓಡಿಸಿ ಮುಗಿಸುತ್ತಾರೆ. ಐದು ಹಂತದ್ದರಲ್ಲಿ ಸವಾರಿ ಮಾಡಿಸಿ, ದಣಿಸಿ, ಆರಲು ಬಿಟ್ಟು, ಮತ್ತೆ ಓಡಿಸಿ ನೋಡುತ್ತಾರೆ. ಜೊತೆಗೆ ರಕ್ತ ತೆಗೆದು ಆರು ತಿಂಗಳು ಇಟ್ಟಿರುತ್ತಾರೆ. ಕೊಳ್ಳುವ ದಿನ ಕುಂಟದ ಕುದುರೆ ಮುಂದಿನ ವಾರ ಕುಂಟಿದರೆ, ಅವತ್ತು ನೋವಿನ ಔಷಧಿ ಕೊಟ್ಟಿದ್ದರಾ ಅಂತ ಆ ರಕ್ತವೇ ಹೇಳುತ್ತೆ. ನನ್ನ ಕೇಳಿದರೆ ಐದೇ ಮಾಡಿಸಿ. ಮಾರುವವರ ಡಾಕ್ಟರ್ ಮಾತ್ರ ಬೇಡ.

ಪಾಸ್‌ಪೋರ್ಟ್, ಅಂದರೆ ಕುದುರೆಯ ಗುರುತಿನ ಪುಸ್ತಕ, ಇಲ್ಲದೆ ಕುದುರೆ ಮಾರುವಂತೆಯೇ ಇಲ್ಲ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಮೈಕ್ರೋಚಿಪ್ ಕೂಡ ಎಲ್ಲ ಕುದುರೆಗೂ ಕಡ್ಡಾಯ. ಪುಸ್ತಕ ತೆರೆದರೆ ಒಳಗೆ ಕುದುರೆಯ ಬರೀ ರೇಖಾಚಿತ್ರ ಇರುತ್ತೆ, ಅದರ ಮೇಲೆ ಹಣೆಯ ಬಿಳಿ ಮಚ್ಚೆ, ಕಾಲಿನ ಬಿಳಿ ಪಟ್ಟಿ, ಎಲ್ಲೆಲ್ಲಿ ಸುಳಿ ಇದೆಯೋ ಅಲ್ಲೆಲ್ಲ ಡಾಕ್ಟರ್ ಕೈಯಲ್ಲಿ ಹಾಕಿದ ಸಣ್ಣ ಗುಣಾಕಾರದ ಗುರುತು. ಸುಳಿ ನೋಡಿ ಎತ್ತು ಕೊಳ್ಳುತ್ತಿದ್ದ ಅಜ್ಜಂದಿರು ಖುಷಿಪಡುತ್ತಿದ್ದರೇನೋ, ಆದರೆ ಇಲ್ಲಿ ಶಕುನಕ್ಕಲ್ಲ, ಗುರುತಿಗೆ. ಆ ಚಿತ್ರವನ್ನು ಎದುರಿನ ಕುದುರೆಗೆ ಹೋಲಿಸಿ ನೋಡಿ, ಚಿಪ್ಪನ್ನೂ ಸ್ಕ್ಯಾನ್ ಮಾಡಿಸಿ. ಕೊಂಡ 30 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಒಂದು ಮಾತು ನೆನಪಿರಲಿ: ಪಾಸ್‌ಪೋರ್ಟು ಮಾಲೀಕತ್ವಕ್ಕೆ ಪುರಾವೆ ಅಲ್ಲ. ಸಹಿ ಹಾಕಿದ ರಸೀದಿ ಬೇರೆ ಬೇಕು.

ಲಾಳ ಕಟ್ಟುವವರ ವಿಷಯದಲ್ಲಿ ಕಾನೂನು ತುಂಬಾ ಬಿಗಿ. 1975ರ ಫ್ಯಾರಿಯರ್ಸ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಲಾಳ ಹೊಡೆಯುವಂತಿಲ್ಲ, ನಿಮ್ಮದೇ ಕುದುರೆಗೆ ನೀವೇ ಹೊಡೆದರೂ ತಪ್ಪು. ಆದರೆ ಬರೀ ಗೊರಸು ಕತ್ತರಿಸುವುದಕ್ಕೆ ಆ ಕಾಯ್ದೆ ಅನ್ವಯಿಸಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಈ ಖರ್ಚು ಇದ್ದೇ ಇದೆ. ಡಾಕ್ಟರ್ ಬರೆದುಕೊಟ್ಟ ಔಷಧಿ ಅವರ ಹತ್ತಿರವೇ ಕೊಳ್ಳಬೇಕಂತಿಲ್ಲ. ದೀರ್ಘಕಾಲದ ಔಷಧಿಯಾದರೆ ಚೀಟಿ ಕೇಳಿ ಇಸಕೊಂಡು ಆನ್‌ಲೈನ್ ಬೆಲೆ ನೋಡಿ. ಚೀಟಿಗೂ ದುಡ್ಡು ತಗೋತಾರೆ, ಆದರೂ ಎಷ್ಟೋ ಸಲ ಉಳಿಯುತ್ತೆ.

ಇನ್ನು ಕುದುರೆ ಇಡುವ ಜಾಗ. ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲೇ, ಕಾನೂನಿನ ಕಣ್ಣು ಕಡಿಮೆ ಇರುವುದೂ ಇಲ್ಲೇ. ಇಂಗ್ಲೆಂಡಿನಲ್ಲಿ ರೈಡಿಂಗ್ ಸ್ಕೂಲಿಗೆ ಕೌನ್ಸಿಲ್ ಲೈಸೆನ್ಸ್ ಬೇಕು, ಒಂದರಿಂದ ಐದು ಸ್ಟಾರ್ ಕೂಡ ಕೊಡುತ್ತಾರೆ. ಬೇರೆಯವರ ಕುದುರೆ ಇಟ್ಟುಕೊಳ್ಳುವ ಲಿವರಿ ಯಾರ್ಡಿಗೆ ಅಂಥ ಲೈಸೆನ್ಸೇ ಬೇಡ! ಡಿಐವೈ ಲಿವರಿ ಅಂದರೆ ಲಾಯ, ಹುಲ್ಲುಗಾವಲು ಅವರದು, ಲದ್ದಿ ಬಾಚುವುದು, ಮೇವು ಹಾಕುವುದು ಎಲ್ಲ ನೀವೇ. ಜನವರಿಯ ಕತ್ತಲಲ್ಲಿ, ಮಳೆಯಲ್ಲಿ, ಆಫೀಸಿಗೆ ಮುಂಚೆ. ಫುಲ್ ಲಿವರಿಯಲ್ಲಿ ಎಲ್ಲ ಅವರೇ ಮಾಡುತ್ತಾರೆ, ಬಾಡಿಗೆಯೂ ಆ ಮಟ್ಟದ್ದೇ. ಪಾರ್ಟ್ ಲಿವರಿ ನಡುವಿನದು, ಜಗಳ ಜಾಸ್ತಿ ಆಗುವುದೂ ಅಲ್ಲೇ, ಯಾಕೆಂದರೆ ಯಾವ ಕೆಲಸ ಯಾರದು ಅಂತ ಯಾರೂ ಬರೆದಿಟ್ಟಿರಲ್ಲ. ಹುಲ್ಲಿನ ಕಟ್ಟು ಬಾಡಿಗೆ ಲೆಕ್ಕದಲ್ಲೇ ಸೇರಿದೆಯಾ, ಭಾನುವಾರ ಯಾರು ಬರುತ್ತಾರೆ, ನೋಟಿಸ್ ಎಷ್ಟು ವಾರ, ಎಲ್ಲ ಕಾಗದದ ಮೇಲೆ ಇರಲಿ.

ವಿಮೆ ಬಗ್ಗೆ ಉಡಾಫೆ ಬೇಡ. ಡೆವನ್‌ನಲ್ಲಿ ಯಾವುದಕ್ಕೋ ಬೆದರಿ ಬೇಲಿ ಮುರಿದು ಓಡಿದ ಕುದುರೆಯೊಂದು ಕಾರಿಗೆ ಡಿಕ್ಕಿಯಾಯಿತು. ಮಾಲೀಕರ ತಪ್ಪೇನೂ ಇರಲಿಲ್ಲ. ಆದರೂ 1971ರ ಪ್ರಾಣಿ ಕಾಯ್ದೆ ಪ್ರಕಾರ ಅವರೇ ಹೊಣೆ ಅಂತ ಆಗಿನ ಅತ್ಯುನ್ನತ ನ್ಯಾಯಾಲಯ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ತೀರ್ಪು ಕೊಟ್ಟಿತು. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವದಲ್ಲಿ ಥರ್ಡ್ ಪಾರ್ಟಿ ವಿಮೆ ಸೇರಿರುತ್ತೆ. ಕಡೇಪಕ್ಷ ಅದಾದರೂ ಇರಲಿ.

ಇಷ್ಟೆಲ್ಲ ಓದಿ ಸುಸ್ತಾಯಿತಾ? ಹಾಗಾದರೆ ಕೊಳ್ಳುವ ಮುಂಚೆ ಒಂದು ಕುದುರೆಯನ್ನು ಶೇರ್ ಮಾಡಿ ನೋಡಿ. ಅಂದರೆ ಬೇರೆಯವರ ಕುದುರೆಯನ್ನು ವಾರಕ್ಕೆ ಎರಡು ಮೂರು ದಿನ ನೋಡಿಕೊಂಡು, ಸವಾರಿ ಮಾಡಿ, ಖರ್ಚಿನ ಒಂದು ಪಾಲು ಕೊಡುವುದು. ಒಂದು ಚಳಿಗಾಲ ಪೂರ್ತಿ ಮಾಡಿ. ಆದರೆ ಅದಕ್ಕೂ ಒಪ್ಪಂದ ಬರೆಯಿರಿ, ಮುಖ್ಯವಾಗಿ ನಿಮ್ಮ ದಿನ ಕುದುರೆಗೆ ಹೊಟ್ಟೆನೋವು ಬಂದರೆ ಡಾಕ್ಟರ್ ಬಿಲ್ಲು ಯಾರದು ಅಂತ.