ಫಾಕ್ಸ್ ನದಿಯ ದಂಡೆಯಲ್ಲಿ ಜಿನೀವಾದಿಂದ ಅರೋರಾದವರೆಗೆ ಸೈಕಲ್ ಸವಾರಿ

ಶಿಕಾಗೋದಲ್ಲಿ ಕಾರಿಲ್ಲದವರು ಫಾಕ್ಸ್ ನದಿಯನ್ನು ನೋಡಲು ರೈಲು ಮತ್ತು ಸೈಕಲ್ ಸಾಕು. ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ಇಲಿನಾಯ್‌ನ ಒಟ್ಟಾವಾ ಪಟ್ಟಣದಲ್ಲಿ ಇಲಿನಾಯ್ ನದಿಯನ್ನು ಕೂಡುವ ಈ ನದಿಯ ಉದ್ದ ಸುಮಾರು 325 ಕಿ.ಮೀ. ಇದರಲ್ಲಿ ಜಿನೀವಾದಿಂದ ಅರೋರಾದವರೆಗಿನ ಸುಮಾರು 16 ಕಿ.ಮೀ. ಒಂದು ದಿನಕ್ಕೆ ಧಾರಾಳವಾಯಿತು. ನಕ್ಷೆಯಲ್ಲಿ ಹುಡುಕುವಾಗ ಒಂದು ಎಚ್ಚರ ಬೇಕು: ವಿಸ್ಕಾನ್ಸಿನ್‌ನಲ್ಲಿ ಗ್ರೀನ್ ಬೇ ಕಡೆಗೆ ಹರಿಯುವ ಇನ್ನೊಂದು ನದಿಗೂ ಇದೇ ಹೆಸರಿದೆ.

ಶಿಕಾಗೋದ ಓಗಿಲ್ವಿ ನಿಲ್ದಾಣದಿಂದ ಮೆಟ್ರಾ ಎಂಬ ಉಪನಗರ ರೈಲು ಸೇವೆಯ ಯೂನಿಯನ್ ಪೆಸಿಫಿಕ್ ವೆಸ್ಟ್ ಮಾರ್ಗದ ರೈಲು ಹತ್ತಿದರೆ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಜಿನೀವಾ ಸಿಗುತ್ತದೆ. ಡಬ್ಬಿಯಲ್ಲಿ ಜಾಗವಿದ್ದರೆ ಮಾತ್ರ ಸೈಕಲ್ ಒಯ್ಯಲು ಬಿಡುವುದರಿಂದ ಬೆಳಗಿನ ರೈಲೇ ಕ್ಷೇಮ. ನಿಲ್ದಾಣದಿಂದ ಪೂರ್ವಕ್ಕೆ ಇಳಿದು, ಸೇತುವೆ ದಾಟಿ, ಪೂರ್ವ ದಂಡೆಯ ಫಾಕ್ಸ್ ರಿವರ್ ಟ್ರೇಲ್ ಎಂಬ ಸೈಕಲ್ ದಾರಿ ಹಿಡಿದು ದಕ್ಷಿಣಕ್ಕೆ ಹೊರಡಬೇಕು. ನೀರು ಹರಿಯುವುದೂ ಅದೇ ದಿಕ್ಕಿಗೆ. ದಾರಿ ಬಹುಪಾಲು ಸಮತಟ್ಟಾಗಿರುವುದರಿಂದ ಅಭ್ಯಾಸವಿಲ್ಲದವರಿಗೂ ತ್ರಾಸವಾಗದು.

ದಿನದ ಹೆಚ್ಚಿನ ಪಾಲನ್ನು ಜಿನೀವಾ ಮತ್ತು ಬಟೇವಿಯಾ ನಡುವಿನ ಫೇಬಿಯನ್ ಉದ್ಯಾನಕ್ಕೆ ಮೀಸಲಿಡುವುದು ಉಚಿತ. ಪೂರ್ವ ದಂಡೆಯಲ್ಲಿರುವ ಡಚ್ ಮಾದರಿಯ ಮರದ ಗಾಳಿಗಿರಣಿಯನ್ನು 1870ರ ದಶಕದಲ್ಲಿ ಬೇರೆಡೆ ಕಟ್ಟಲಾಗಿತ್ತು. ಜಾರ್ಜ್ ಫೇಬಿಯನ್ ಎಂಬ ಸಿರಿವಂತ ಅದನ್ನು ಕೊಂಡು, ಬಿಚ್ಚಿಸಿ, 1915ರ ಸುಮಾರಿಗೆ ಇಲ್ಲಿ ಮತ್ತೆ ಜೋಡಿಸಿದ. ನದಿಯ ನಡುಗಡ್ಡೆಯ ಮೇಲಿನ ಕಾಲುಸೇತುವೆಗಳನ್ನು ದಾಟಿದರೆ ಪಶ್ಚಿಮ ದಂಡೆಯಲ್ಲಿ ಜಪಾನೀ ಶೈಲಿಯ ತೋಟವೂ, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1907ರಲ್ಲಿ ಮಾರ್ಪಡಿಸಿದ ಫೇಬಿಯನ್ ಅವರ ಮನೆಯೂ ಇವೆ. ಇವು ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ದಿನ, ಸಮಯ ನೋಡಿಕೊಂಡೇ ಹೊರಡಬೇಕು. ಫೇಬಿಯನ್ ಇಲ್ಲಿ ನಡೆಸುತ್ತಿದ್ದ ರಿವರ್‌ಬ್ಯಾಂಕ್ ಪ್ರಯೋಗಾಲಯದಲ್ಲೇ ವಿಲಿಯಂ ಮತ್ತು ಎಲಿಜಬೆತ್ ಫ್ರೀಡ್ಮನ್ ದಂಪತಿ ಗೂಢಲಿಪಿ ಬಿಡಿಸುವ ವಿದ್ಯೆಯಲ್ಲಿ ಪಳಗಿದರೆಂಬುದು ನನಗಂತೂ ಗಿರಣಿಗಿಂತ ದೊಡ್ಡ ಕೌತುಕ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ಸೈಕಲ್ಲಿನ ಗೊಡವೆಗೇ ಹೋಗದೆ, ಕಾರಿನಲ್ಲಿ ಬಂದು ಇದೊಂದನ್ನೇ ನಿಧಾನವಾಗಿ ಸುತ್ತಿಸಿದರೂ ಸಾಕು.

ಬಟೇವಿಯಾ ಒಂದು ಕಾಲದಲ್ಲಿ ನೀರೆತ್ತುವ ಗಾಳಿಯಂತ್ರಗಳನ್ನು ತಯಾರಿಸುತ್ತಿದ್ದ ಊರು. ಹಳೆಯ ಯಂತ್ರಗಳನ್ನು ನದೀತೀರದಲ್ಲಿ ನಿಲ್ಲಿಸಿದ್ದಾರೆ. ಊಟವನ್ನು ಇಲ್ಲೇ ಮುಗಿಸಬಹುದು. ಮುಂದೆ ನಾರ್ತ್ ಅರೋರಾಕ್ಕೆ ಮುನ್ನ ರೆಡ್ ಓಕ್ ಪ್ರಕೃತಿ ಕೇಂದ್ರವಿದ್ದು, ಅದರ ಹತ್ತಿರ ಒಂದು ಸಣ್ಣ ಗುಹೆಯೂ ಇದೆ.

ವಸಂತದಲ್ಲಿ ಹಿಮ ಕರಗಿದಾಗ ಮತ್ತು ಜೋರು ಮಳೆಯ ನಂತರ ದಾರಿಯ ತಗ್ಗು ಭಾಗಗಳಲ್ಲಿ ನೀರು ನಿಲ್ಲಬಹುದು. ಎಲೆಗಳು ಬಣ್ಣ ತಿರುಗುವ ಅಕ್ಟೋಬರ್ ಒಳ್ಳೆಯ ಕಾಲ. ನದಿಗೆ ಅಡ್ಡಲಾಗಿ ಕಟ್ಟಿರುವ ತಗ್ಗು ಅಣೆಕಟ್ಟೆಗಳ ಬಳಿ ಮಾತ್ರ ನೀರಿಗೆ ಇಳಿಯಲೇಬಾರದು. ಮೇಲಿನಿಂದ ನೋಡಿದರೆ ಆಳೆತ್ತರವೂ ಇಲ್ಲವೆನಿಸುವ ಆ ಕಟ್ಟೆಗಳ ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ ಸುತ್ತಿ ಎಳೆಯುತ್ತದೆ. ಈಜು ಬಲ್ಲವರೂ ಅದರಿಂದ ಬಿಡಿಸಿಕೊಳ್ಳುವುದು ಕಷ್ಟ.

ಅರೋರಾದಲ್ಲಿ ಹೊತ್ತು ಉಳಿದರೆ ನದಿಯ ಪಶ್ಚಿಮಕ್ಕಿರುವ ಬಾಲಾಜಿ ದೇವಸ್ಥಾನಕ್ಕೆ ಹೋಗಿಬರಬಹುದು. ಹಿಂದಿರುಗುವ ಬಿಎನ್‌ಎಸ್‌ಎಫ್ ಮಾರ್ಗದ ರೈಲು ಓಗಿಲ್ವಿಗೆ ಹೋಗದೆ ಪಕ್ಕದ ಯೂನಿಯನ್ ಸ್ಟೇಷನ್‌ಗೆ ಹೋಗುತ್ತದೆ. ಎರಡೂ ಬೇರೆ ಬೇರೆ ಮಾರ್ಗಗಳಾದ್ದರಿಂದ, ಬೆಳಿಗ್ಗೆ ಜಿನೀವಾ ಮಾರ್ಗದ ನಡುದಾರಿಯ ನಿಲ್ದಾಣವೊಂದರಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿದವರು ಅರೋರಾದಿಂದ ಮತ್ತೆ ಜಿನೀವಾಕ್ಕೇ ಸೈಕಲ್ ತುಳಿಯಬೇಕಾದೀತು.