ಹಂಗೇರಿಯ ಹಳ್ಳಿಯಲ್ಲಿ ಈಸ್ಟರ್ ಓಕುಳಿ: ಹೊಲ್ಲೋಕೋಗೆ ಹೋಗಿ ಉಳಿಯುವುದು ಹೇಗೆ?

ಬುಡಾಪೆಸ್ಟ್‌ನಿಂದ ಈಶಾನ್ಯಕ್ಕೆ ಬಸ್ಸಿನಲ್ಲಿ ಎರಡು ಗಂಟೆ ಹೋದರೆ ನೋಗ್ರಾದ್ ಜಿಲ್ಲೆಯ ಗುಡ್ಡಗಳ ನಡುವೆ ಹೊಲ್ಲೋಕೋ ಸಿಗುತ್ತದೆ. ಊರಿನ ಜನ ಕೆಲವೇ ನೂರು. ಪಲೋತ್ಸ್ ಎಂದು ಕರೆಸಿಕೊಳ್ಳುವ ಹಂಗೇರಿಯನ್ನರ ಹಳ್ಳಿ ಇದು. ಅವರ ಉಡುಗೆ, ಅಡುಗೆ, ಮಾತಿನ ಧಾಟಿ ಎಲ್ಲಕ್ಕೂ ತನ್ನದೇ ಬಣ್ಣ. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಸ್ಟರ್ ಮರುದಿನದ ಸೋಮವಾರ ಇಲ್ಲಿ ಹುಡುಗರು ಹುಡುಗಿಯರ ಮೇಲೆ ಬಕೆಟ್‌ಗಟ್ಟಲೆ ನೀರು ಎರಚುವುದನ್ನು ನೋಡಲು ದೂರದೂರಿಂದ ಜನ ಬರುತ್ತಾರೆ.

ಬಂದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆಗೆ ಮರಳುತ್ತಾರೆ. ನೀವು ಹಾಗೆ ಮಾಡಬೇಡಿ. ಕನಿಷ್ಠ ಎರಡು ರಾತ್ರಿ ಉಳಿಯಿರಿ. ಪ್ರವಾಸಿ ಬಸ್ಸುಗಳು ಹೊರಟ ಮೇಲೆಯೇ ಈ ಊರಿನ ಒಂದೇ ಒಂದು ದೊಡ್ಡ ಬೀದಿ ತನ್ನ ಪಾಡಿಗೆ ತಾನು ಉಸಿರಾಡುವುದು. ಹಾಗೆ ಉಳಿಯಬೇಕಾದರೆ ತಯಾರಿ ಹೇಗಿರಬೇಕೆಂಬುದು ಮುಂದಿದೆ.

ಮೊದಲು ದಿನಾಂಕ, ಆಮೇಲೆ ಕೋಣೆ

ನಮ್ಮ ಹಬ್ಬಗಳಂತೆ ಈಸ್ಟರ್ ಕೂಡ ಚಂದ್ರನನ್ನು ನೋಡಿ ಬರುವ ಹಬ್ಬ. ಪ್ರತಿ ವರ್ಷ ದಿನ ಬದಲಾಗುತ್ತದೆ. 2027ರಲ್ಲಿ ಈಸ್ಟರ್ ಸೋಮವಾರ ಮಾರ್ಚ್ 29ಕ್ಕೆ, 2028ರಲ್ಲಿ ಏಪ್ರಿಲ್ 17ಕ್ಕೆ. ಈ ಮೂರು ವಾರಗಳ ಅಂತರ ಸಣ್ಣದಲ್ಲ. ಮಾರ್ಚ್ ಕೊನೆಯಲ್ಲಿ ಅಲ್ಲಿ ರಾತ್ರಿ ಚಳಿ ಮೂಳೆಗೆ ಇಳಿಯುತ್ತದೆ, ಏಪ್ರಿಲ್ ನಡುವಿಗೆ ಗುಡ್ಡ ಹಸಿರಾಗಿರುತ್ತದೆ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರು ತಡವಾಗಿ ಬರುವ ಈಸ್ಟರ್ ಆರಿಸಿಕೊಳ್ಳುವುದು ಒಳ್ಳೆಯದು.

ದಿನಾಂಕ ನಿಂತ ಕೂಡಲೇ ಕೋಣೆ ಹಿಡಿಯಿರಿ. ಹಳೆಯ ಬೀದಿಯ ಮನೆಗಳಲ್ಲಿ ಕೆಲವು ಅತಿಥಿಗೃಹಗಳಾಗಿವೆ. ಹಬ್ಬಕ್ಕೆ ಅವು ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಹುಡುಕುವಾಗ ‘ವೆಂಡೇಗ್‌ಹಾಜ್’ (ಅತಿಥಿಗೃಹ), ‘ಸಾಲ್ಲಾಶ್’ (ವಸತಿ) ಎಂಬ ಎರಡು ಪದ ನೆನಪಿರಲಿ. ವಿಳಾಸದಲ್ಲಿ ‘ಕೊಶುತ್ ಉತ್ಸ’ ಅಥವಾ ‘ಪೆಟೋಫಿ ಉತ್ಸ’ ಎಂದಿದ್ದರೆ ಅದು ಹಳೆಯ ಊರಿನ ಬೀದಿಯ ಹೆಸರು. ಆದರೆ ಈ ಬೀದಿಗಳು ಹೊಸ ಭಾಗಕ್ಕೂ ಚಾಚಿರಬಹುದು, ಹಾಗಾಗಿ ನಕ್ಷೆಯಲ್ಲಿ ಚರ್ಚಿಗೆ ಎಷ್ಟು ಹತ್ತಿರ ಎಂದು ನೋಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಹತ್ತಿರದ ಸಣ್ಣ ಪಟ್ಟಣಗಳಾದ ಸೇಚೇನ್ ಅಥವಾ ಪಾಸ್ತೋದಲ್ಲಿ ಉಳಿಯಬಹುದು. ಆಗ ಸ್ವಂತ ಕಾರು ಇಲ್ಲದಿದ್ದರೆ ಹಬ್ಬದ ದಿನ ಓಡಾಟ ಕಷ್ಟ.

ಕೋಣೆಗೆ ಕಾಲಿಟ್ಟಾಗ ಮಾಲೀಕರು ನಿಮ್ಮ ಪಾಸ್‌ಪೋರ್ಟನ್ನು ಯಂತ್ರದಲ್ಲಿ ಸ್ಕ್ಯಾನ್ ಮಾಡುತ್ತಾರೆ. ಗಾಬರಿ ಬೇಡ. 2021ರಿಂದ ದೇಶದ ಎಲ್ಲ ವಸತಿಗಳಿಗೂ ಇದು ಕಾನೂನು. ಮೂಲ ಪಾಸ್‌ಪೋರ್ಟೇ ಬೇಕು, ಫೋಟೊಪ್ರತಿ ನಡೆಯುವುದಿಲ್ಲ.

ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ಕೊನೆಯೆಂದರೆ 15 ದಿನ ಮೊದಲು. ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಷೆಂಗೆನ್ ಪ್ರದೇಶದಿಂದ ಹೊರಬಿದ್ದ ಮೇಲೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ವಿಯೆನ್ನಾ, ಪ್ರಾಗ್ ಸೇರಿಸಿಕೊಂಡರೂ ಹೆಚ್ಚು ದಿನ ಹಂಗೇರಿಯಲ್ಲಿದ್ದರೆ ಹಂಗೇರಿಗೇ ಅರ್ಜಿ ಹಾಕಬೇಕು.

ಒಂದು ಎಚ್ಚರ: ಹಂಗೇರಿ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿನ ಹಣ ಫೋರಿಂಟ್. ಹಳ್ಳಿಯ ಕುಶಲಕರ್ಮಿಗಳ ಅಂಗಡಿಗಾಗಿ ಸ್ವಲ್ಪ ನಗದು ಜೊತೆಗಿರಲಿ.

ಬಸ್ಸು, ಮತ್ತು ಮೂರು ಪ್ರತ್ಯಯ

ಬೆಂಗಳೂರಿನಿಂದ ದುಬೈ, ದೋಹಾ ಇಲ್ಲವೇ ಫ್ರಾಂಕ್‌ಫರ್ಟ್ ಮಾರ್ಗವಾಗಿ ಬುಡಾಪೆಸ್ಟ್ ತಲುಪಬಹುದು. ವಿಮಾನ ನಿಲ್ದಾಣದಿಂದ 100ಇ ಬಸ್ಸು ಊರ ನಡುವಿನ ಡೆಯಾಕ್ ಚೌಕಕ್ಕೆ ಬಿಡುತ್ತದೆ. ಅಲ್ಲಿಂದ ಎಂ2 ಮೆಟ್ರೊದಲ್ಲಿ ಪುಶ್ಕಾಶ್ ಫೆರೆಂತ್ಸ್ ಸ್ಟೇಡಿಯಂ ನಿಲ್ದಾಣಕ್ಕೆ ಹೋದರೆ, ಪಕ್ಕದಲ್ಲೇ ಹೊಲ್ಲೋಕೋ ಬಸ್ಸು ಹೊರಡುವ ತಂಗುದಾಣ. ವಿಮಾನ ಇಳಿದ ದಿನವೇ ಹಳ್ಳಿಗೆ ಓಡಬೇಡಿ. ನೇರ ಬಸ್ಸುಗಳು ದಿನಕ್ಕೆ ಬೆರಳೆಣಿಕೆ. ಗುಡ್ ಫ್ರೈಡೇ ಮತ್ತು ಈಸ್ಟರ್ ಸೋಮವಾರ ಎರಡೂ ಸರ್ಕಾರಿ ರಜೆ, ಆ ದಿನಗಳ ವೇಳಾಪಟ್ಟಿಯೇ ಬೇರೆ. ಟಿಕೆಟ್ ಕೊಳ್ಳುವಾಗ ದಿನಾಂಕ ಹಾಕಿಯೇ ಹುಡುಕಿ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹಂಗೇರಿಯನ್ ಭಾಷೆ ಕನ್ನಡದ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತದೆ. ‘ಹೊಲ್ಲೋಕೋನ್’ ಎಂದರೆ ಹೊಲ್ಲೋಕೋದಲ್ಲಿ, ‘ಹೊಲ್ಲೋಕೋರೆ’ ಎಂದರೆ ಹೊಲ್ಲೋಕೋಗೆ, ‘ಹೊಲ್ಲೋಕೋರೋಲ್’ ಎಂದರೆ ಹೊಲ್ಲೋಕೋದಿಂದ. ಊರಿನ ಹೆಸರಿಗೆ ‘ರೆ’ ಸೇರಿಸಿ ಕೇಳಿದರೆ ಚಾಲಕನಿಗೆ ಅರ್ಥವಾಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೊಬ್ಬರು ಅದೇ ಬಸ್ಸಿಗೆ ಕಾಯುತ್ತಿದ್ದರೆ ಮಾತಿಗೊಂದು ದಾರಿಯೂ ಸಿಕ್ಕಿತು.

ಹಳೆಯ ಬೀದಿಗೆ ವಾಹನ ಬಿಡುವುದಿಲ್ಲ, ನೆಲ ಕಲ್ಲುಹಾಸಿನದು. ಚಕ್ರದ ಸೂಟ್‌ಕೇಸ್ ಬುಡಾಪೆಸ್ಟ್‌ನಲ್ಲಿಟ್ಟು ಬೆನ್ನುಚೀಲದಲ್ಲಿ ಹೊರಡಿ.

ಶನಿವಾರ ತಲುಪಿ, ನಿಧಾನವಾಗಿ ನೋಡಿ

ಈ ಮನೆಗಳು ನೋಡಲು ತೋರುವಷ್ಟು ಹಳೆಯವಲ್ಲ. ಮರದ ಗೋಡೆ, ಹುಲ್ಲಿನ ಮಾಡು ಇದ್ದ ಊರು ಮತ್ತೆ ಮತ್ತೆ ಬೆಂಕಿಗೆ ಆಹುತಿಯಾಗುತ್ತಿತ್ತು. ಕೊನೆಯ ದೊಡ್ಡ ಬೆಂಕಿ 1909ರದ್ದು. ಆಮೇಲೆ ಕಲ್ಲಿನ ಅಡಿಪಾಯ, ಮಣ್ಣಿಟ್ಟಿಗೆಯ ಗೋಡೆ, ಹೆಂಚಿನ ಮಾಡು ಬಂತು. ಆದರೆ ಮನೆಯ ಆಕಾರ, ಉದ್ದನೆಯ ಕಿರಿದಾದ ಹಿತ್ತಲು, ಮರದ ಕಟಾಂಜನದ ಜಗಲಿ ಇವನ್ನು ಜನ ಬಿಟ್ಟುಕೊಡಲಿಲ್ಲ. ಸುಟ್ಟ ಊರನ್ನು ತಮ್ಮ ನೆನಪಿನಂತೆಯೇ ಮತ್ತೆ ಕಟ್ಟಿಕೊಂಡರು ಎನ್ನುವುದೇ ನನಗೆ ಈ ಹಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ಬೀದಿಯ ನಡುವೆ 1889ರ ಪುಟ್ಟ ಚರ್ಚು, ಅದರ ಮೇಲೆ ಮರದ ಗೋಪುರ. ನೇಯ್ಗೆಯ ಮನೆಗೆ ಹೋಗಿ ಮಗ್ಗದ ಮುಂದೆ ಸ್ವಲ್ಪ ಹೊತ್ತು ಕೂರಿ.

ಸಂಜೆ ಕೋಟೆಯ ಗುಡ್ಡ ಹತ್ತಿ. 13ನೇ ಶತಮಾನದ ಮಂಗೋಲ್ ದಾಳಿಯ ನಂತರ ಕಟ್ಟಿದ ಕೋಟೆ ಅದು. ‘ಹೊಲ್ಲೋ’ ಎಂದರೆ ಕಾಡುಕಾಗೆ, ‘ಕೋ’ ಎಂದರೆ ಕಲ್ಲು. ಪಾಳೇಗಾರನೊಬ್ಬ ಚೆಲುವೆಯೊಬ್ಬಳನ್ನು ಹೊತ್ತೊಯ್ದು ಬಂಧಿಸಲು ಕೋಟೆ ಕಟ್ಟಿಸುತ್ತಿದ್ದ. ಅವಳನ್ನು ಸಾಕಿದ ದಾದಿ ಮಾಟಗಾತಿ. ಅವಳ ಕೋರಿಕೆಯಂತೆ ಸೈತಾನನ ಮಕ್ಕಳು ಕಾಗೆಗಳಾಗಿ ಬಂದು ರಾತ್ರೋರಾತ್ರಿ ಕಲ್ಲುಗಳನ್ನು ಹೊತ್ತು ಹೋದವು ಎಂಬುದು ಹೆಸರಿನ ಹಿಂದಿನ ಐತಿಹ್ಯ.

ಭಾನುವಾರ, ಸೋಮವಾರ

ಕ್ಯಾಥೊಲಿಕ್ ಊರಿದು. ಈಸ್ಟರ್ ಪೂಜೆಯಲ್ಲಿ ಹ್ಯಾಮ್, ಮೊಟ್ಟೆ, ಜಡೆಯಂತೆ ಹೆಣೆದ ‘ಕಲಾಚ್’ ಎಂಬ ಸಿಹಿ ಬ್ರೆಡ್ ಇವನ್ನು ಆಶೀರ್ವದಿಸುವ ಪದ್ಧತಿಯಿದೆ. ನೋಡಬಹುದು, ಕ್ಯಾಮೆರಾ ಮಾತ್ರ ಚೀಲದಲ್ಲಿರಲಿ. ಹಬ್ಬದ ದಿನಗಳಲ್ಲಿ ಹಳೆಯ ಊರಿಗೆ ಪ್ರವೇಶ ಟಿಕೆಟ್ ಇರುತ್ತದೆ. ಅಲ್ಲೇ ಉಳಿಯುವವರಿಗೂ ಅದು ಬೇಕೇ ಎಂದು ಕೋಣೆ ಕಾದಿರಿಸುವಾಗಲೇ ಕೇಳಿ.

ಸೋಮವಾರದ ನೀರಾಟಕ್ಕೆ ‘ಲೊಚೊಲ್ಕೊಡಾಶ್’ ಎಂದು ಹೆಸರು. ಪದರು ಪದರು ಲಂಗ ತೊಟ್ಟ ಹುಡುಗಿಯರ ಮೇಲೆ ಹುಡುಗರು ನೀರು ಸುರಿಯುತ್ತಾರೆ. ಪೇಟೆಗಳಲ್ಲಿ ಈಗ ಅದು ಎರಡು ಹನಿ ಸುಗಂಧದ್ರವ್ಯಕ್ಕೆ ಇಳಿದಿದೆ. ಬಾಡುವ ಹೂವಿಗೆ ನೀರೆರೆಯಲೇ ಎಂದು ಅಪ್ಪಣೆ ಬೇಡುವ ಪುಟ್ಟ ಪದ್ಯ ಹೇಳುವುದು ಇದರ ಭಾಗ; ಪ್ರತಿಯಾಗಿ ಹುಡುಗಿ ಚಿತ್ತಾರದ ಮೊಟ್ಟೆ ಕೊಡುತ್ತಾಳೆ. ಓಕುಳಿ ಆಡಿ ಬೆಳೆದವರಿಗೆ ಇದರ ಸಡಗರ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಸಾಲಿನಲ್ಲಿ ನಿಲ್ಲುವವರು ಪಾಸ್‌ಪೋರ್ಟ್, ಫೋನ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ಬದಲಿ ಬಟ್ಟೆ ಕೋಣೆಯಲ್ಲಿರಲಿ.

ಊಟದ ಮಾತು

ಸಸ್ಯಾಹಾರಿಗಳು ಮುಂಚೆಯೇ ಯೋಚಿಸಬೇಕು. ಇಲ್ಲಿನ ಜನರ ಹೆಸರಿನ ಪಲೋತ್ಸ್ ಸಾರಿನಲ್ಲೂ ಮಾಂಸವಿದೆ, ಮಾಂಸ ಕಾಣದ ಅಡುಗೆಯಲ್ಲೂ ಹಂದಿಕೊಬ್ಬು ಇರಬಹುದು. ಅದಕ್ಕೆ ‘ಝೀರ್’ ಎನ್ನುತ್ತಾರೆ. ‘ಹೂಶ್ತ್ ನೆಮ್ ಎಸೆಮ್’, ಅಂದರೆ ಮಾಂಸ ತಿನ್ನುವುದಿಲ್ಲ, ಎಂದು ಹೇಳಿ, ಝೀರ್ ಇದೆಯೇ ಎಂದೂ ಕೇಳಿ. ತರಕಾರಿಯ ಗಟ್ಟಿ ಗೊಜ್ಜಿನಂಥ ‘ಫೋಜೆಲೇಕ್’, ಕರಿದ ‘ಲಾಂಗೋಶ್’ ರೊಟ್ಟಿ ನಿಮಗೆ ಒಗ್ಗಬಹುದು. ತಪ್ಪದೇ ತಿನ್ನಬೇಕಾದ್ದು ‘ಮಾಕೋಶ್ ರೇತೆಶ್’: ತೆಳು ಹಾಳೆಯಂಥ ಹಿಟ್ಟಿನೊಳಗೆ ಸಕ್ಕರೆ ಬೆರೆಸಿದ ಗಸಗಸೆ. ಗಸಗಸೆ ಪಾಯಸದ ಊರಿನವರಿಗೆ ಮೊದಲ ತುತ್ತಿಗೇ ನೆಂಟಸ್ತಿಕೆ ಕುದುರುತ್ತದೆ. ಭಾನುವಾರ, ಸೋಮವಾರ ಅಂಗಡಿಗಳು ಹೆಚ್ಚಾಗಿ ಮುಚ್ಚಿರುವುದರಿಂದ ಹಾಲು, ಹಣ್ಣು, ಬ್ರೆಡ್ಡನ್ನು ಶನಿವಾರವೇ ತಂದಿಟ್ಟುಕೊಳ್ಳಿ.

ಸೋಮವಾರ ಸಂಜೆ ಎಲ್ಲರೂ ಒಮ್ಮೆಲೇ ಬಸ್ಸಿಗೆ ಮುಗಿಬೀಳುತ್ತಾರೆ. ನೀವು ಆ ರಾತ್ರಿಯೂ ಉಳಿಯಿರಿ. ಚಿತ್ತಾರದ ಮೊಟ್ಟೆ ಕೊಂಡಿದ್ದರೆ ಒಳಗಿನದನ್ನು ಊದಿ ತೆಗೆದ ಬರಿ ಚಿಪ್ಪೇ ಎಂದು ಕೇಳಿ ತಿಳಿದುಕೊಂಡು, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಡಿ. ಮಂಗಳವಾರ ಬೆಳಿಗ್ಗೆ ಒದ್ದೆ ಕಲ್ಲುಬೀದಿಯಲ್ಲಿ ಒಂದು ಸುತ್ತು ಹಾಕಿ, ನಿಲ್ದಾಣಕ್ಕೆ ನಡೆದು, ‘ಬುಡಪೆಶ್ತ್‌ರೆ?’ ಎಂದು ಕೇಳಿ ಬಸ್ಸು ಹತ್ತಿ.